ಗೊಂಬೆ ಪಾರ್ಕಿನ ರೈಲುಮಾರ್ಗ: ಒಂದು ವಾಸ್ತುಮೀಮಾಂಸೆ

ಗೊಂಬೆ ರೈಲುಮಾರ್ಗವೆಂದರೆ ನವರಾತ್ರಿಯಲ್ಲಿ ಗೊಂಬೆ ಮೆಟ್ಟಿಲುಗಳ ಮುಂದೆ, ಹಜಾರದ ನೆಲದ ಮೇಲೆ, ಮನೆಯಲ್ಲಿ ಸಿಕ್ಕಿದ್ದರಿಂದಲೇ ಕಟ್ಟಿ ನಿಲ್ಲಿಸುವ ನಿಲ್ದಾಣ, ಸೇತುವೆ, ಬೆಟ್ಟ, ಹೊಳೆ, ಹೊಲ ಮತ್ತು ಇವುಗಳ ನಡುವೆ ಸುತ್ತುವ ಒಂದು ರೈಲು. ಬಳಕೆಯಲ್ಲಿ ಇದಕ್ಕೆ ‘ಪಾರ್ಕು’ ಎಂದೇ ಹೆಸರು. ಅದರಲ್ಲಿ ಉದ್ಯಾನವಿರುವುದು ಕಡ್ಡಾಯವಲ್ಲ. ರೈಲನ್ನು ಬಿಟ್ಟು ಉಳಿದ ಯಾವುದನ್ನೂ ದುಡ್ಡು ಕೊಟ್ಟು ತರುವಂತಿಲ್ಲ. ರೈಲನ್ನು ಯಾರು, ಯಾವಾಗ ತಂದರೆಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಅದನ್ನೂ ಸ್ವಯಂಭೂ ಎಂದೇ ಎಣಿಸಬೇಕು. ಯುರೋಪು, ಅಮೆರಿಕಗಳಲ್ಲಿ ಈ ವಿದ್ಯೆಗೆ ಅಂಗಡಿಗಳಿವೆ, ಮಾಸಪತ್ರಿಕೆಗಳಿವೆ, ಸಂಘಗಳಿವೆ. ಹಾಸನ ಜಿಲ್ಲೆಯಲ್ಲಿ ಅಟ್ಟವಿದೆ. ಅಲ್ಲಿಯವರು ಕಟ್ಟಿದ್ದನ್ನು ವರ್ಷಗಟ್ಟಲೆ ತಿದ್ದುತ್ತ ಕೂರಬಹುದು; ಇಲ್ಲಿ ಪಾಡ್ಯಕ್ಕೆ ಉದ್ಘಾಟನೆ, ದಶಮಿಗೆ ಸಮಾಪ್ತಿ. ಇಷ್ಟು ನಿಯತ್ತಾಗಿ ಗಡುವು ಪಾಲಿಸುವ ರೈಲ್ವೆ ಯೋಜನೆಯನ್ನು ತೋರಿಸುವುದು ಕಷ್ಟ.

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಎಂದು ಇದರಲ್ಲಿ ನಾಲ್ಕು ಸಂಪ್ರದಾಯಗಳನ್ನು ಎಣಿಸಬಹುದು. ವಿಂಗಡಣೆಗೆ ಆಧಾರ ಆಯಾ ಊರಿಗೆ ರೈಲು ಬಂದ ಕಾಲ. ಮೈಸೂರು–ಅರಸೀಕೆರೆ ಮೀಟರ್ ಗೇಜ್ ದಾರಿ 1918ರ ವೇಳೆಗೆ ಹೊಳೆನರಸೀಪುರವನ್ನೂ ಹಾಸನವನ್ನೂ ಮುಟ್ಟಿತ್ತು. ಹೀಗಾಗಿ ಇವೆರಡು ಪ್ರಾಚೀನ. ಹಾಸನದಿಂದ ಘಾಟಿ ಇಳಿದು ಮಂಗಳೂರು ಸೇರುವ ದಾರಿ 1979ರಲ್ಲಿ ಪೂರ್ತಿಯಾದ ಮೇಲೆ ಹಾಸನದವರ ಪಾರ್ಕಿಗೆ ಬೆಟ್ಟ, ಸುರಂಗಗಳ ಅಧಿಕಾರ ಬಂತು. ಚನ್ನರಾಯಪಟ್ಟಣದವರು ಹೊಸಬರು, ಶ್ರವಣಬೆಳಗೊಳದ ಮೇಲೆ ಹಾದು ಬೆಂಗಳೂರಿಗೆ ನೇರವಾಗಿ ಹೋಗುವ ರೈಲು ಅವರಿಗೆ ಸಿಕ್ಕಿದ್ದು 2017ರಲ್ಲಿ. ಅರಕಲಗೂಡಿಗೆ ರೈಲೇ ಇಲ್ಲ. ಆ ಸಂಪ್ರದಾಯದ ಹಿರಿಮೆಯನ್ನು ಮುಂದೆ ವಿವರಿಸಲಾಗುವುದು.

ಮೊದಲಿಗೆ ಪ್ರಮಾಣ. ಮಾದರಿ ರೈಲುಗಳ ಲೋಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಪ್ರಮಾಣ. ಅದರಲ್ಲಿ ನಿಜದ 87 ಅಂಗುಲಕ್ಕೆ ಮಾದರಿಯ ಒಂದಂಗುಲ. ಈ 87 ಎಲ್ಲಿಂದ ಬಂತೆಂಬುದನ್ನು ಪಾಶ್ಚಾತ್ಯರು ಮಿಲಿಮೀಟರು, ಅಡಿಗಳ ಮೂಲಕ ಸುತ್ತಿ ಬಳಸಿ ವಿವರಿಸುತ್ತಾರೆ. ಅದರ ಮೂಲ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಗೊಮ್ಮಟನ ಎತ್ತರ 58 ಅಡಿ, ಎಂದರೆ 696 ಅಂಗುಲ. ಇದನ್ನು 87ರಿಂದ ಭಾಗಿಸಿದರೆ ಶೇಷವಿಲ್ಲದೆ 8 ಬರುತ್ತದೆ. ಮೆಟ್ಟಿಲ ಮೇಲಿನ ಎಂಟಂಗುಲದ ಗೊಮ್ಮಟ ಎಚ್‌ಒ ಪ್ರಮಾಣಕ್ಕೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮೂರ್ತಿ 57 ಅಡಿ ಎನ್ನುವವರೂ ಇದ್ದಾರೆ. ಅವರ ಲೆಕ್ಕದಲ್ಲಿ ಶೇಷ ಉಳಿಯುವುದರಿಂದ ಆ ಮತ ಅಗ್ರಾಹ್ಯ. ತೊಡಕಿರುವುದು ಬೆಟ್ಟದಲ್ಲಿ. ಬಯಲಿನಿಂದ ಸುಮಾರು 470 ಅಡಿ ಎದ್ದಿರುವ ವಿಂಧ್ಯಗಿರಿ ಇದೇ ಪ್ರಮಾಣಕ್ಕೆ ಇಳಿದರೂ ಐದು ಅಡಿ ಐದಂಗುಲಕ್ಕೆ ಬಂದು ನಿಲ್ಲುತ್ತದೆ. ಎತ್ತರದ ಸ್ಥಾನ ಪಟ್ಟದ ಗೊಂಬೆಗಳದೇ ಆದ್ದರಿಂದ ಬೆಟ್ಟವನ್ನು ಕೈಬಿಟ್ಟು, ಗೊಮ್ಮಟನನ್ನು ನೆಲದಲ್ಲೇ ನಿಲ್ಲಿಸುವುದು ರೂಢಿ.

ಪ್ರಮಾಣವನ್ನು ಹಳಿಯಿಂದ ಲೆಕ್ಕ ಹಾಕುವವರಿಗೆ ಬೇರೊಂದು ಸಂಕಟ. ಎಚ್‌ಒ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಮೈಸೂರು ದಾರಿ ಮೀಟರ್ ಗೇಜಿನದಾಗಿದ್ದಾಗ ಅದೇ ಹಳಿ 1000 ಮಿಲಿಮೀಟರಿಗೆ ಸಮ. 1990ರ ದಶಕದಲ್ಲಿ ಆ ದಾರಿ ಬ್ರಾಡ್ ಗೇಜ್ ಆದಾಗ 1676 ಮಿಲಿಮೀಟರಿಗೆ ಸಮವಾಯಿತು. ಅಂದರೆ ಅಟ್ಟದ ಮೇಲೆ ಇಟ್ಟಲ್ಲೇ ಇದ್ದ ರೈಲು, ಯಾರೂ ಮುಟ್ಟದಿದ್ದರೂ, ನಿಜಲೋಕದ ಲೆಕ್ಕದಲ್ಲಿ ಶೇಕಡ 67.6ರಷ್ಟು ಬೆಳೆಯಿತು. ಪಕ್ಕದಲ್ಲಿ ಬಾವುಟ ಹಿಡಿದು ನಿಂತಿದ್ದ ಐದೂವರೆ ಅಡಿಯ ಸ್ಟೇಷನ್ ಮಾಸ್ತರರೂ ಅದರ ಜೊತೆಯಲ್ಲೇ ಒಂಬತ್ತು ಅಡಿ ದಾಟಿದರು. ಗೇಜ್ ಪರಿವರ್ತನೆಯ ಈ ಪರಿಣಾಮವನ್ನು ರೈಲ್ವೆ ಗಮನಿಸಿದಂತಿಲ್ಲ.

ಇದಕ್ಕಿಂತಲೂ ಕಗ್ಗಂಟಾದದ್ದು ಶೆಟ್ಟಿ ಸಮಸ್ಯೆ. ಅಕ್ಕಿ, ಬೇಳೆ, ಬೆಲ್ಲಗಳ ರಾಶಿಯ ಹಿಂದೆ ಶೆಟ್ಟಿ-ಶೆಟ್ಟಮ್ಮ ಕೂರದ ಗೊಂಬೆ ಹಬ್ಬವಿಲ್ಲ. ಕೂತ ಶೆಟ್ಟಿಯ ಎತ್ತರ ಆರಂಗುಲ, ಪಕ್ಕದ ನಿಲ್ದಾಣದ ಎತ್ತರ ನಾಲ್ಕಂಗುಲ ಎಂದಿಟ್ಟುಕೊಂಡರೆ ಎರಡೇ ದಾರಿ. ಶೆಟ್ಟಿ ಸಾಧಾರಣ ಮನುಷ್ಯನೆಂದು ಒಪ್ಪಿದರೆ ನಿಲ್ದಾಣದ ಸೂರು 22 ಅಂಗುಲಕ್ಕೆ ಇಳಿಯುತ್ತದೆ; ಟಿಕೆಟ್ ಕೊಳ್ಳುವವರು ಮಲಗಿಯೇ ಕೊಳ್ಳಬೇಕು. ನಿಲ್ದಾಣ ಎಚ್‌ಒ ಎಂದು ಒಪ್ಪಿದರೆ ಶೆಟ್ಟಿ ಕೂತಲ್ಲೇ ನಲವತ್ತಮೂರೂವರೆ ಅಡಿ ಆಗುತ್ತಾನೆ, ಎದ್ದು ನಿಂತರೆ ಗೊಮ್ಮಟನನ್ನು ಮೀರುತ್ತಾನೆ. ತಲೆಮಾರುಗಳಿಂದ ಶೆಟ್ಟಿ ಒಮ್ಮೆಯೂ ಎದ್ದು ನಿಂತಿಲ್ಲವೆಂಬುದು ಇಲ್ಲಿ ಗಮನಾರ್ಹ. ಅದು ಗೊಮ್ಮಟನ ಮೇಲಿನ ಗೌರವವೆಂದು ತಿಳಿಯತಕ್ಕದ್ದು.

ದಾರಿಯ ಉದ್ದದ ವಿಚಾರದಲ್ಲಿ ಶಾಸ್ತ್ರ ಉದಾರವಾಗಿದೆ, ಏಕೆಂದರೆ ಹಜಾರ ಚಿಕ್ಕದು. ಹಾಸನಕ್ಕೂ ಹೊಳೆನರಸೀಪುರಕ್ಕೂ ಮೂವತ್ತು ಕಿಲೋಮೀಟರಿಗೆ ಕಡಮೆಯಿಲ್ಲ. ಎಚ್‌ಒ ಪ್ರಮಾಣದಲ್ಲಿ ಅದು ಮುನ್ನೂರ ನಲವತ್ತು ಮೀಟರು ಮೀರಿ, ಹಿತ್ತಿಲು ದಾಟಿ ಮೂರನೆಯ ಬೀದಿಗೆ ಹೋಗಿ ಮುಟ್ಟುತ್ತದೆ. ಏರು ಇನ್ನೂ ಕಷ್ಟದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿಯ ಇಳಿಜಾರು 50ಕ್ಕೆ 1. ಒಂಬತ್ತಂಗುಲ ಎತ್ತರದ ಗೊಂಬೆ ಮೆಟ್ಟಿಲನ್ನು ಅದೇ ನಿಯಮದಲ್ಲಿ ಹತ್ತಬೇಕಾದರೆ ಮೂವತ್ತೇಳೂವರೆ ಅಡಿ ಹಳಿ ಬೇಕು. ಒಂದು ಮೆಟ್ಟಿಲಿಗೆ ರೈಲು ಊಟದ ಮನೆ ಹೊಕ್ಕು ಅಡುಗೆಮನೆಯಲ್ಲಿ ತಿರುಗಿ ಬರಬೇಕಾಗುತ್ತದೆ. ಇದಕ್ಕೆ ಅಡುಗೆಮನೆಯ ಅನುಮತಿ ದೊರೆತದ್ದಿಲ್ಲ. ಸುರಂಗಗಳಿಗೆ ಮಾತ್ರ ಅಚ್ಚುಕಟ್ಟಾದ ಪರಿಹಾರವಿದೆ. ಆ ಘಾಟಿಯಲ್ಲಿ 57 ಸುರಂಗಗಳು. ಮಗುಚಿಟ್ಟ ಬಿದಿರಬುಟ್ಟಿಯ ಎರಡು ಮಗ್ಗುಲಲ್ಲಿ ಕಿಂಡಿ ಕೊಯ್ದರೆ ಒಂದು ಸುರಂಗ. ರೈಲು ಅದನ್ನೇ 57 ಸಲ ಹೊಕ್ಕು ಹೊರಬಂದರೆ ಶಿರಾಡಿ ಘಾಟಿ ಮುಗಿದಂತೆ. ಬ್ಯಾಟರಿ ಸೆಲ್ಲು ನಡುವೆ ಸತ್ತರೆ ಗುಡ್ಡ ಕುಸಿದಿದೆಯೆಂದು ಘೋಷಿಸಬಹುದು. ಮಳೆಗಾಲದಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ.

ಕಟ್ಟಡಗಳಲ್ಲಿ ನಿಲ್ದಾಣವೇ ಪ್ರಧಾನ. ಗೋಡೆಗೆ ಲಗ್ನಪತ್ರಿಕೆಯ ರಟ್ಟು, ಚಾವಣಿಗೆ ಟಿ.ವಿ. ಬಂದ ಡಬ್ಬದ ರಟ್ಟು, ಅಂಟಿಗೆ ಮೈದಾ ಗೋಂದು. ಡಬ್ಬದ ರಟ್ಟಿನ ಮೇಲಿನ ಹಾಳೆಯನ್ನು ನೀರು ಸವರಿ ಹುಷಾರಾಗಿ ಸುಲಿದರೆ ಒಳಗಿನ ಏರಿಳಿತದ ಸಾಲುಗಳು ಬಯಲಾಗುತ್ತವೆ. ಅದಕ್ಕೆ ಕೆಮ್ಮಣ್ಣು ಬಳಿದರೆ ಮಂಗಳೂರು ಹೆಂಚು. ಬಾಗಿಲು, ಕಿಟಕಿಗಳನ್ನು ಗೋಡೆ ನಿಲ್ಲಿಸುವ ಮೊದಲೇ ಬ್ಲೇಡಿನಿಂದ ಕೊಯ್ದುಕೊಳ್ಳಬೇಕು. ಕಂಬಗಳಿಗೆ ಊದುಬತ್ತಿ ಕಡ್ಡಿ, ಬೆಂಚಿಗೆ ಐಸ್‌ಕ್ರೀಂ ಕಡ್ಡಿ, ಸರಕಿನ ಶೆಡ್ಡಿಗೆ ಬೆಂಕಿಪೊಟ್ಟಣ. ಇವೆಲ್ಲ ಸುಲಭ.

ಕಾಲನಿರ್ಣಯ ಸುಲಭವಲ್ಲ. ಲಗ್ನಪತ್ರಿಕೆಯ ಅಚ್ಚಾದ ಮಗ್ಗುಲು ಗೋಡೆಯ ಒಳಗಡೆ ಬರುವುದರಿಂದ, ಚಾವಣಿ ಎತ್ತಿ ನೋಡಿದರೆ ನಿಲ್ದಾಣದ ತುಂಬ ಶಾಸನಗಳು. ಪ್ರಯಾಣಿಕರ ತಂಗುಕೋಣೆಯಲ್ಲಿ ವರನ ತಂದೆಯ ವಿಳಾಸ, ಟಿಕೆಟ್ ಕಿಟಕಿಯ ಹಿಂದೆ ‘ಆಶೀರ್ವಾದವೇ ಉಡುಗೊರೆ’ ಎಂಬ ವಾಕ್ಯ. ಮುಹೂರ್ತದ ತಾರೀಕು ಸಿಕ್ಕರೆ ನಿಲ್ದಾಣ ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಹೇಳಬಹುದು. ಹಾಸನ ಜಿಲ್ಲೆಯ ಕಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ 1902ರಲ್ಲೇ ಪ್ರಕಟಿಸಿದರು, ರಟ್ಟಿನ ಶಾಸನಗಳು ಇಂದಿಗೂ ಅಪ್ರಕಟಿತ. ಶಿಲ್ಪಿಗಳು ಹೆಸರು ಬಿಡುವ ಪದ್ಧತಿಯೂ ಜಿಲ್ಲೆಗೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ದೇವಾಲಯದ ಮೂರ್ತಿಗಳ ಪೀಠದಲ್ಲಿ ಬೈಚೋಜನೂ ಮಲ್ಲಿತಮ್ಮನೂ ತಮ್ಮ ಹೆಸರು ಕೊರೆದುಕೊಂಡಿದ್ದಾರೆ. ಅದೇ ಜಾಡಿನಲ್ಲಿ ಪ್ಲಾಟ್‌ಫಾರ್ಮಿನ ಅಡಿಯಲ್ಲಿ ಕಟ್ಟಿದವರ ಹೆಸರು, ತರಗತಿ, ವಿಭಾಗ, ರೋಲ್ ನಂಬರ್ ದೊರೆಯುತ್ತವೆ. ಹೊಯ್ಸಳರ ಕಾಲದಲ್ಲಿ ರೋಲ್ ನಂಬರ್ ಇರಲಿಲ್ಲ.

ಹಳದಿ ಹಲಗೆಯ ಮೇಲೆ ಕಪ್ಪಕ್ಷರದ ಹೆಸರು, ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂಬ ಅಂಕಿ: ಇದಿಲ್ಲದೆ ನಿಲ್ದಾಣವಾಗದು. ‘ಹಾಸನ’ ಒಂದು ಬೆಂಕಿಪೊಟ್ಟಣದ ಮೇಲೆ ಹಿಡಿಸುತ್ತದೆ, ‘ಹೊಳೆನರಸೀಪುರ’ಕ್ಕೆ ಎರಡು ಬೇಕು. ಎತ್ತರದ ಅಂಕಿಯಲ್ಲಿ ಮಾತ್ರ ಪ್ರಾಮಾಣಿಕತೆ ಅಪರೂಪ. ಹಾಸನ ಪಟ್ಟಣ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಎಚ್‌ಒ ಪ್ರಮಾಣದಲ್ಲಿ ಅದು ಹತ್ತು ಮೀಟರಿಗೆ ತುಸು ಹೆಚ್ಚು. ಶಾಸ್ತ್ರಕ್ಕೆ ಕಟ್ಟುಬಿದ್ದು ಹಾಸನ ಜಂಕ್ಷನ್ ಕಟ್ಟಬಯಸುವವರು ಮೂರನೆಯ ಮಹಡಿಯಲ್ಲಿ ಬಾಡಿಗೆ ಮನೆ ಹಿಡಿಯುವುದು ಮೇಲು.

ಈ ಎಲ್ಲ ಬಂಧನಗಳಿಂದ ಮುಕ್ತವಾದದ್ದು ಅರಕಲಗೂಡು ಸಂಪ್ರದಾಯ. ಹಾಸನದವರು ಒಂದು ಕಂಬ ಬಿಟ್ಟರೂ ಸಾಕು, ಅರಿಸಿನ ಕುಂಕುಮಕ್ಕೆ ಬಂದವರ ಜೊತೆ ನಿವೃತ್ತ ಗಾರ್ಡೊಬ್ಬರು ಬಂದೇ ಬಂದಿರುತ್ತಾರೆ. ಅರಕಲಗೂಡಿನಲ್ಲಿ ಮೂಲ ನಿಲ್ದಾಣವೇ ಇಲ್ಲದ್ದರಿಂದ ಕಟ್ಟಿದ ನಿಲ್ದಾಣ ತಪ್ಪಾಗುವ ಸಂಭವವೇ ಇಲ್ಲ. ಎಂಟು ಪ್ಲಾಟ್‌ಫಾರ್ಮ್ ಇಡಬಹುದು, ಕಾಶಿಗೆ ನೇರ ರೈಲು ಬಿಡಬಹುದು, ಮೇಲುಸೇತುವೆಯನ್ನು ಕೋಟೆಯ ತನಕ ಎಳೆಯಬಹುದು. ತರ್ಕಶಾಸ್ತ್ರದಲ್ಲಿ ಮೊಲದ ಕೊಂಬು, ಆಕಾಶದ ಹೂವು ಇರುವ ವರ್ಗಕ್ಕೆ ಈ ನಿಲ್ದಾಣವೂ ಸೇರುತ್ತದೆ. ಇದಕ್ಕೆ ಟಿಕೆಟ್ ಕಿಟಕಿ ಇದೆ ಎಂಬುದಷ್ಟೇ ವ್ಯತ್ಯಾಸ. ಅರಕಲಗೂಡಿನಿಂದ ರೈಲು ತಡವಾಗಿ ಹೊರಟ ಉದಾಹರಣೆ ಒಂದೂ ಇಲ್ಲ.

ಇನ್ನು ನೆಲ, ಜಲ, ಸಸ್ಯ. ಬೆಟ್ಟಕ್ಕೆ ಗೋಣಿತಾಟನ್ನು ಕೆಮ್ಮಣ್ಣಿನ ಬಗ್ಗಡದಲ್ಲಿ ಅದ್ದಿ ಬುಟ್ಟಿಯ ಮೇಲೆ ಹೊದಿಸಿ ಒಣಗಲು ಬಿಡಬೇಕು. ಆಲೂಗಡ್ಡೆ ಬೆಳೆಯುವ ಹಾಸನದ ಸೀಮೆಯಲ್ಲಿ ಗೋಣಿಗೆ ಬರವಿಲ್ಲ. ಕಾಫಿ ತೋಟದ ಮಣ್ಣಿಗೆ ಕಾಫಿ ಚರಟಕ್ಕಿಂತ ಒಳ್ಳೆಯದಿಲ್ಲ. ಬಿಸಿಲಲ್ಲಿ ಚೆನ್ನಾಗಿ ಒಣಗಿಸದಿದ್ದರೆ ಪಂಚಮಿಯ ಹೊತ್ತಿಗೆ ತೋಟದ ತುಂಬ ಬೂಷ್ಟು. ಹುಲ್ಲಿಗೆ ಹಸಿರು ಬಣ್ಣದಲ್ಲಿ ನೆನೆಸಿದ ಮರದ ಹೊಟ್ಟು ಸಾಕು. ಚನ್ನರಾಯಪಟ್ಟಣದವರಿಗೆ ತೆಂಗಿನ ತೋಟ ಕಡ್ಡಾಯ. ಪೊರಕೆಯಿಂದ ಕಡ್ಡಿ ಕಿತ್ತು, ತುದಿಗೆ ಸೀಳಿದ ಹಸಿರು ಕಾಗದ ಕಟ್ಟಿದರೆ ತೆಂಗಿನಿಂದಲೇ ಮಾಡಿದ ತೆಂಗಿನಮರ ಸಿದ್ಧ. ಒಂದೆಕರೆ ತೋಟ ಏಳುವಷ್ಟರಲ್ಲಿ ಮನೆಗೆ ಹೊಸ ಪೊರಕೆ ಬೇಕಾಗುತ್ತದೆ.

ಹಳಿಯ ಜಲ್ಲಿಯ ವಿಷಯದಲ್ಲಿ ವಿದ್ವಾಂಸರು ಎರಡು ಪಂಗಡವಾಗಿದ್ದಾರೆ. ನಿಜದ ಜಲ್ಲಿ ಸುಮಾರು 50 ಮಿಲಿಮೀಟರ್ ಇದ್ದರೆ ಎಚ್‌ಒದಲ್ಲಿ ಅದು ಅರ್ಧ ಮಿಲಿಮೀಟರಿಗೆ ಸ್ವಲ್ಪ ಮೇಲೆ. ಚಿರೋಟಿ ರವೆ ತೀರ ಸಣ್ಣದಾಯಿತೆಂದು ಒಂದು ಪಂಗಡ, ಬನ್ಸಿ ರವೆ ಬಂಡೆಯಾಯಿತೆಂದು ಇನ್ನೊಂದು. ವಾದ ಮುಗಿಯುವ ಮೊದಲೇ ಇರುವೆಗಳು ಎರಡನ್ನೂ ಸಾಗಿಸುವುದರಿಂದ ನಿರ್ಣಯ ಪ್ರತಿವರ್ಷ ಮುಂದಕ್ಕೆ ಹೋಗುತ್ತಿದೆ. ಸಾಸಿವೆಯ ಪಕ್ಷವೊಂದಿತ್ತು, ರೈಲು ಅದರ ಮೇಲೆ ಜಾರಿದ್ದರಿಂದ ನಾಮಾವಶೇಷವಾಗಿದೆ.

ಹೊಲಕ್ಕೆ ರಾಗಿ. ತಟ್ಟೆಯಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿ ಚೆಲ್ಲಿ, ದಿನವೂ ನೀರು ಚಿಮುಕಿಸಿದರೆ ನಾಲ್ಕೈದು ದಿನದಲ್ಲಿ ಪೈರು. ಲೋಕದ ಮಾದರಿ ರೈಲುಗಾರರು ಬಣ್ಣದ ನಾರು ಅಂಟಿಸಿ ಹೊಲ ಮಾಡುತ್ತಾರೆ, ಅದು ಬೆಳೆಯುವುದಿಲ್ಲ. ಇಲ್ಲಿನದು ಬೆಳೆಯುತ್ತದೆ, ಗುಣವೂ ದೋಷವೂ ಅದೇ. ಎರಡಂಗುಲದ ಪೈರು ಎಚ್‌ಒ ಲೆಕ್ಕದಲ್ಲಿ ಹದಿನಾಲ್ಕೂವರೆ ಅಡಿ. ಪಾಡ್ಯದಂದು ಹೊಲದ ನಡುವೆ ಓಡುವ ರೈಲು ಅಷ್ಟಮಿಯ ವೇಳೆಗೆ ಕಾಡೊಳಗೆ ಓಡುತ್ತಿರುತ್ತದೆ, ಹೊಗೆಗೂಡಿನ ತುದಿಯಷ್ಟೇ ಕಾಣುತ್ತದೆ.

ಮೈಸೂರಿನಿಂದ ಹೊಳೆನರಸೀಪುರಕ್ಕೆ ಬರುವ ರೈಲು ಅಕ್ಕಿಹೆಬ್ಬಾಳಿನ ಬಳಿ ಹೇಮಾವತಿಯನ್ನು ದಾಟುತ್ತದೆ. ಎ.ಎನ್. ಮೂರ್ತಿರಾಯರು ಹುಟ್ಟಿದ ಊರು ಅದು. ಪ್ರಬಂಧವನ್ನು ಹಗುರವಾಗಿ ಬರೆಯುವುದು ಹೇಗೆಂದು ಅವರನ್ನು ಓದಿ ಕಲಿಯಬಹುದಾದರೂ ಮೀಮಾಂಸೆ ಬರೆಯುವವರು ಕಲಿತ ಲಕ್ಷಣವಿಲ್ಲ. ಹೊಳೆನರಸೀಪುರ ಸಂಪ್ರದಾಯದಲ್ಲಿ ಈ ಸೇತುವೆಯೇ ಜೀವಾಳ. ಹೊಳೆಗೆ ಬಚ್ಚಲಿನ ಕನ್ನಡಿ, ದಡಕ್ಕೆ ಮರಳು, ಸೇತುವೆಯ ಕಮಾನಿಗೆ ಬಾಗಿಸಿದ ತಗಡು. ಕನ್ನಡಿ ದುಂಡಗಿದ್ದರೆ ಹೇಮಾವತಿಯೂ ದುಂಡಗೆ ಹರಿಯುತ್ತಾಳೆ. ನೀರಿನಲ್ಲಿ ಸೀಲಿಂಗ್ ಫ್ಯಾನು ಕಂಡರೆ ಅದನ್ನು ಸುಳಿ ಎಂದು ವ್ಯಾಖ್ಯಾನಿಸತಕ್ಕದ್ದು.

ಪಾರ್ಕಿನಲ್ಲಿ ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ಪಾಠಪರಿಶೋಧನೆಯೂ ಅಗತ್ಯ. ತೆಂಗಿನ ತೋಟದಲ್ಲಿ ನಿಂತ ಜಿರಾಫೆ, ಪ್ಲಾಟ್‌ಫಾರ್ಮಿನ ಮೇಲೆ ಬ್ಯಾಟು ಬೀಸುವ ಆಟಗಾರ, ಸುರಂಗದ ಬಾಯಲ್ಲಿ ಡೈನೋಸಾರು ಇವು ಮನೆಯ ಕಿರಿಯ ಲಿಪಿಕಾರರ ಸೇರ್ಪಡೆಗಳು. ತೆಗೆದರೆ ಅಳು, ಬಿಟ್ಟರೆ ಪಾಠಭ್ರಷ್ಟತೆ. ವಿವೇಕಿಗಳು ಬಿಡುತ್ತಾರೆ.

ರೈಲು ಪ್ರದಕ್ಷಿಣೆಯಾಗಿಯೇ ಸುತ್ತಬೇಕು. ಅಪ್ರದಕ್ಷಿಣೆ ಸುತ್ತಿದರೆ ಹಿರಿಯರು ಸೆಲ್ಲು ತೆಗೆಸುತ್ತಾರೆ. ನಿಜವಾದ ಹೊಸ ದಾರಿಯಲ್ಲಿ ಪ್ರಯಾಣಿಕರ ರೈಲು ಬಿಡುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆ ಆಗಬೇಕು. ಇಲ್ಲಿ ಆ ಕೆಲಸ ‘ಗೊಂಬೆ ಕೂರ್ಸಿದೀರಾ?’ ಎನ್ನುತ್ತ ಸಂಜೆ ಬಾಗಿಲಿಗೆ ಬರುವ ಬೀದಿಯ ಮಕ್ಕಳದು. ಅವರು ಎಂಜಿನ್ನನ್ನು ಒಮ್ಮೆ ಹಳಿ ತಪ್ಪಿಸಿ ನೋಡುತ್ತಾರೆ, ಕನ್ನಡಿಯಲ್ಲಿ ಬೆರಳಾಡಿಸಿ ಹೊಳೆಯ ಆಳ ಪರೀಕ್ಷಿಸುತ್ತಾರೆ. ವರದಿ ಹೇಗಿರುತ್ತದೆಂಬುದು ಕೊಟ್ಟ ಚಕ್ಕುಲಿ, ಕೊಬ್ಬರಿ ಮಿಠಾಯಿಯ ಗುಣಮಟ್ಟವನ್ನು ಅವಲಂಬಿಸಿದೆ.

ದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ಸಂಚಾರ ರದ್ದು. ರಾಗಿ ಪೈರು ಹಸುವಿಗೆ. ಗೋಂದು ಬೆರೆತ ರವೆ ಉಪ್ಪಿಟ್ಟಿಗೆ ಬಾರದು. ನಿಲ್ದಾಣದ ಚಾವಣಿಯನ್ನು ಬೇರೆಯಾಗಿ ಕಳಚಿ, ಹಳೆಯ ಪೇಪರು ಸುತ್ತಿ, ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಡಬೇಕು. ರೈಲಿನಿಂದ ಸೆಲ್ಲು ತೆಗೆಯದಿದ್ದರೆ ಮುಂದಿನ ದಸರೆಗೆ ಅದು ಸೋರಿ ತಗಡು ತಿಂದಿರುತ್ತದೆ. ಟ್ರಂಕು ಅಟ್ಟಕ್ಕೆ ಮಾರನೆಯ ದಿನ ಏರಿದರೂ ನಡೆದೀತು. ಹೇಮಾವತಿ ಮಾತ್ರ ಅದೇ ರಾತ್ರಿ ಬಚ್ಚಲಿನ ಮೊಳೆಗೆ ಮರಳತಕ್ಕದ್ದು, ಬೆಳಿಗ್ಗೆ ಕ್ಷೌರಕ್ಕೆ ಬೇಕು.