ಪಿ1 ಬಂದರೆ ಕಂಪನಿಗೆ ಹೋಗಿ

ಚೆನ್ನೈಗೆ ಭಾರತದ ಡೆಟ್ರಾಯಿಟ್ ಎಂಬ ಬಿರುದು. ಶ್ರೀಪೆರಂಬುದೂರು, ಒರಗಡಂ ಕಡೆ ಕಾರು ಜೋಡಿಸುತ್ತಾರೆ. ಓಎಂಆರ್ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಕಾರಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಅಲ್ಲಿ ಹಗಲು ರಾತ್ರಿ ಒಂದೇ ಜಪ: ಹೊಂದಾಣಿಕೆ.

ಜಪಕ್ಕೆ ಕಾರಣವಿದೆ. ಈಗಿನ ಕಾರೆಂದರೆ ಹತ್ತಾರು ಪುಟ್ಟ ಕಂಪ್ಯೂಟರುಗಳ ಸಂತೆ. ಎಂಜಿನ್, ಬ್ರೇಕುಗಳು ಮಾತಾಡುವುದು ಬಾಷ್ 1986ರಲ್ಲಿ ಹೊರತಂದ ಕ್ಯಾನ್ ಜಾಲದಲ್ಲಿ. ಕಿಟಕಿ, ಕನ್ನಡಿಗಳಿಗೆ ಅಗ್ಗದ ಲಿನ್. ದುಬಾರಿ ಕಾರಿಗೆ ಫ್ಲೆಕ್ಸ್‌ರೇ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. 2003ರಲ್ಲಿ ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್‌ಗಳಂಥ ಪೈಪೋಟಿದಾರರೇ ಬಾಷ್ ಮೊದಲಾದವರ ಜೊತೆ ಕೂತು ಆಟೋಸಾರ್ ಎಂಬ ಸಾಫ್ಟ್‌ವೇರ್ ಮಾನದಂಡ ಕಟ್ಟಿದರು. ಪ್ರೋಗ್ರಾಂ ಬರೆಯುವವನು ‘ವೇಗ ಇಷ್ಟು’ ಎಂದರೆ ಸಾಕು. ಅದು ಯಾವ ತಂತಿ ಹಿಡಿದು ಹೋಗಬೇಕೆಂಬ ತಲೆನೋವು ಕೆಳಗಿನ ಪದರದ್ದು. ಜಾಣ ಕೆಲಸವೇ, ಒಪ್ಪೋಣ.

ಆಟೋಸಾರ್ ಎಲ್ಲರಿಗೂ ಮುಕ್ತ ಎಂಬ ಬಡಾಯಿ ಮಾತ್ರ ಬೇಡ. ಕಡತ ಓದುವುದು ಪುಕ್ಕಟೆ. ಬಳಸಿ ವ್ಯಾಪಾರ ಮಾಡಬೇಕೋ, ಸದಸ್ಯರಾಗಿ.

ಈಗ ಅದೇ ಚೆನ್ನೈನ ಪುದುಪೇಟೆಯ ಗ್ಯಾರೇಜಿಗೆ ಬನ್ನಿ. ಗ್ರೀಸು ಮೆತ್ತಿದ ಕೈ ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚುತ್ತದೆ. ದೋಷದ ಕೋಡು ಪಿ0 ಎಂದು ಶುರುವಾದರೆ ಮೆಕ್ಯಾನಿಕ್ ಬದುಕಿದ. ಪಿ0301 ಅಂದರೆ ಯಾರ ಕಾರಾದರೂ ಒಂದನೇ ಸಿಲಿಂಡರಿನ ಮಿಸ್‌ಫೈರ್. ಪಿ1 ಬಂತೋ, ಕೆಟ್ಟ. ಅದಕ್ಕೆ ಕಂಪನಿಗೊಂದು ಅರ್ಥ. ಅದೇ ಸಂಖ್ಯೆ ಈ ಕಾರಿನಲ್ಲಿ ಒಂದು, ಪಕ್ಕದ ಕಾರಿನಲ್ಲಿ ಮತ್ತೊಂದು. ಮೂರು ಜಾಲಗಳಿಗೆ ಒಂದೇ ಇಂಟರ್‌ಫೇಸ್ ಕೊಟ್ಟ ಪುಣ್ಯಾತ್ಮರಿಗೆ ಈ ಮೆಕ್ಯಾನಿಕ್‌ಗೆ ಕೋಡಿನ ಅರ್ಥ ಹೇಳುವ ಒಂದು ವಾಕ್ಯ ಕೊಡಲು ಮನಸ್ಸು ಬರಲಿಲ್ಲ.

ದುಡ್ಡು ಕೊಟ್ಟು ಕಾರು ಕೊಂಡವರು ನಾವು. ನಮ್ಮ ಕಾರಿನ ಕಾಯಿಲೆಯ ಹೆಸರು ನಮಗೇ ಗುಟ್ಟು.

ಕೇಳಿದರೆ ಉತ್ತರ ಸಿದ್ಧ: ಭದ್ರತೆ. ಹ್ಯಾಕರ್ ಭಯವಂತೆ. ಭಯ ನಿಜವೇ. ಬ್ರೇಕಿನ ಕೀಲಿಯನ್ನು ಬೀದಿಗೆ ಹಾಕಿ ಎಂದು ಯಾರೂ ಹೇಳಿಲ್ಲ. ದೋಷದ ಹೆಸರು ಹೇಳಿದರೆ ಯಾರ ಬ್ರೇಕು ಕಳಚೀತು? ಕಡಿಮೆಯಾಗುವುದು ಸರ್ವೀಸ್ ಸೆಂಟರಿನ ಬಿಲ್ಲು.

ಸರ್ಕಾರ ಸುಮ್ಮನೆ ಕೂತಿಲ್ಲ, ಪಾಪ. 2022ರಲ್ಲಿ ‘ರೈಟ್ ಟು ರಿಪೇರ್’ ಸಮಿತಿ ಮಾಡಿತು. ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು. ರಿಪೇರಿ ಮಾಹಿತಿ ಅಲ್ಲಿ ಹಾಕಿ ಎಂದು ಕಂಪನಿಗಳಿಗೆ ಕೋರಿಕೆ. ಬೆನ್ನಿಗೆ ಕಾನೂನಿಲ್ಲ, ಬರೀ ಕೋರಿಕೆ. ಕೋರಿಕೆಗೆ ಬಗ್ಗುವ ಕಂಪನಿಗಳಾಗಿದ್ದರೆ ಪೋರ್ಟಲ್ ಯಾಕೆ ಬೇಕಿತ್ತು?