ಖಡ್ಗವರ್ಮ, ಜೀವದತ್ತ ಮತ್ತು ಹೆಸರಿಲ್ಲದ ಒಬ್ಬರು

ಅಲ್ಲ ಮಾರಾಯ್ರೆ, ನಿಮ್ಮ ಮೊಮ್ಮಗ ಮೊಬೈಲಿನಲ್ಲಿ ಕತ್ತಿ ಬೀಸಿ ಮಂತ್ರವಾದಿಗಳನ್ನು ಉರುಳಿಸುತ್ತಾನಲ್ಲ, ಅದೆಲ್ಲ ನಾವು ‘ಚಂದಮಾಮ’ ಮಾಸಪತ್ರಿಕೆಯಲ್ಲಿ ಓದಿ ಮುಗಿಸಿದ್ದೇ ಅಲ್ವಾ? ‘ಯಕ್ಷಪರ್ವತ’ ಧಾರಾವಾಹಿಯ ಜೋಡಿ ನೆನಪುಂಟಾ? ಖಡ್ಗವರ್ಮನ ಕೈಯಲ್ಲಿ ಕತ್ತಿ, ಜೀವದತ್ತನ ಕೈಯಲ್ಲಿ ಮಂತ್ರದಂಡ. ಕಾಡು ಹೊಕ್ಕರೆಂದರೆ ತಿಂಗಳಿಗೊಂದು ಗಂಡಾಂತರ. ಇನ್ನೇನು ಸತ್ತೇ ಹೋದರು ಅನ್ನುವಾಗ ಪುಟ ಮುಗಿಯುತ್ತಿತ್ತು. ಮುಂದಿನ ಸಂಚಿಕೆಯವರೆಗೆ ಕಾಯುವುದೆಂದರೆ ಎಂಥ ಸಂಕಟ, ಎಂಥ ಸುಖ!

ಅದನ್ನು ಬರೆದದ್ದು ಯಾರು ಹೇಳಿ ನೋಡುವ. ಗೊತ್ತಿರಲಿಕ್ಕಿಲ್ಲ. ಹೆಸರು ಹಾಕುತ್ತಲೇ ಇರಲಿಲ್ಲವಲ್ಲ! ಮದರಾಸಿನ ಕಚೇರಿಯಲ್ಲಿ ಕೂತು ತೆಲುಗಿನಲ್ಲಿ ಬರೆಯುತ್ತಿದ್ದ ದಾಸರಿ ಸುಬ್ರಹ್ಮಣ್ಯಂ ಅವರು. 1954ರಲ್ಲಿ ‘ತೋಕಚುಕ್ಕ’ದಿಂದ ಶುರು, ಆಮೇಲೆ ‘ಪಾತಾಳದುರ್ಗ’, ‘ಶಿಥಿಲಾಲಯ’, ‘ಮಾಯಾಸರೋವರ’, ಕರಡಿ ಮಾಂತ್ರಿಕನ ಕಥೆ... ಎಲ್ಲ ಭಾಷೆಯ ಮಕ್ಕಳೂ ಬಾಯಿಬಿಟ್ಟುಕೊಂಡು ಓದಿದರು. ಅಲ್ಲಿ ಅಮೆರಿಕದಲ್ಲಿ ರಾಬರ್ಟ್ ಹೋವರ್ಡ್ ಅನ್ನುವವನು 1932ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಕೋನನ್ ಎಂಬ ಕತ್ತಿವೀರನನ್ನು ಹುಟ್ಟಿಸಿದ. ಅಗ್ಗದ ಕಾಗದವೇ, ಆದರೂ ಕಥೆಯ ಮೇಲೆ ಅವನ ಹೆಸರು ಅಚ್ಚಾಗುತ್ತಿತ್ತು. ಮೂವತ್ತಕ್ಕೇ ತೀರಿಹೋದ, ಪಾಪ. ಇವತ್ತಿಗೂ ಜಗತ್ತು ಅವನನ್ನು ನೆನೆಯುತ್ತದೆ. ನಮ್ಮ ಸುಬ್ರಹ್ಮಣ್ಯಂ ಅರ್ಧ ಶತಮಾನ ‘ಚಂದಮಾಮ’ಕ್ಕೇ ದುಡಿದು 2010ರಲ್ಲಿ ಹೋದರು. ನಮ್ಮಲ್ಲಿ ಎಷ್ಟು ಮನೆಗಳಿಗೆ ಸುದ್ದಿ ಮುಟ್ಟಿತು? ಹೊಟ್ಟೆ ಉರಿಯುತ್ತದೆ, ನೋಡಿ.

‘ಚಂದಮಾಮ’ ಇಲ್ಲದಿದ್ದರೂ ಹೆದರಿಕೆಗೇನೂ ಮಂಗಳೂರಿನ ನಮ್ಮ ಬಿಕರ್ನಕಟ್ಟೆಯವರಿಗೆ ಬರ ಇರಲಿಲ್ಲ, ಬಿಡಿ. ಯಕ್ಷಗಾನದ ಆಟಕ್ಕೆ ಹೋದರೆ ‘ದೇವೀ ಮಹಾತ್ಮೆ’. ನಡುರಾತ್ರಿ ಕಣ್ಣು ಎಳೆಯುತ್ತಿರುವಾಗ ಮಹಿಷಾಸುರ ಜನರ ಹಿಂದಿನಿಂದಲೇ ಬರುವುದು. ದೊಂದಿಗೆ ರಾಳ ಎರಚಿದರೆ ಭಗ್ಗೆಂದು ಬೆಂಕಿ, ಚೆಂಡೆ, ಆ ಆರ್ಭಟ! ಅಮ್ಮನ ಸೆರಗಿನೊಳಗೆ ತಲೆ ಹಾಕದ ಮಗು ಉಂಟಾ? ಆಮೇಲೆ ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿ ಬಂತು. ಅದರ ತುಳು ಹಾಡು ಶುರುವಾದರೆ ಸಾಕು, ಹಿತ್ತಲಿಗೆ ಹೋಗಲಿಕ್ಕೆ ಜೊತೆಗೆ ಜನ ಬೇಕಾಗುತ್ತಿತ್ತು. 2015ರ ‘ರಂಗಿತರಂಗ’ ಸಿನಿಮಾದಲ್ಲೂ ಆ ಭೂತ ಬಿಡಲಿಲ್ಲವಲ್ಲ.

ಎಲ್ಲಿಗೋ ಹೋದೆ. ಬೇತಾಳನ ವಿಷಯ ಹೇಳಬೇಕಿತ್ತು. ಸಂಸ್ಕೃತದಲ್ಲಿ ಇರುವುದು 25 ಕಥೆ. ಅಷ್ಟಕ್ಕೆ ವಿಕ್ರಮ ರಾಜನ ಕೆಲಸ ಮುಗಿಯಬೇಕು. ‘ಚಂದಮಾಮ’ದಲ್ಲಿ ಮುಗಿಯಿತಾ? ತಿಂಗಳು ತಿಂಗಳು ಹೊಸ ಕಥೆ, ಹೊಸ ಪ್ರಶ್ನೆ. ರಾಜ ಬಾಯಿ ಬಿಟ್ಟ, ಬೇತಾಳ ಮರ ಹತ್ತಿದ! ದಶಕಗಟ್ಟಲೆ ಹೊತ್ತ ಪುಣ್ಯಾತ್ಮ, ಒಮ್ಮೆಯಾದರೂ ಬೇಸರ ಮಾಡಿಕೊಂಡನಾ? ಚಿತ್ರಕಾರ ಶಂಕರ್ ಬಿಡಿಸಿದ ಆ ಚಿತ್ರ ನೋಡಿ: ಒಂದು ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಸ್ಮಶಾನದ ಕತ್ತಲೆ. ರಾಜನ ನಡಿಗೆಯಲ್ಲಿ ಮಾತ್ರ ಎಳ್ಳಷ್ಟೂ ಅಳುಕಿಲ್ಲ. ಧೈರ್ಯ ಹೇಗಿರುತ್ತದೆಂದು ನಾನು ನೋಡಿದ್ದು ಅಲ್ಲೇ. ಶಂಕರ್ ತೊಂಬತ್ತು ದಾಟಿ ಬದುಕಿ 2020ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಪತ್ರಿಕೆಯೇ ನಿಂತುಹೋಗಿತ್ತು.

ಆಗೆಲ್ಲ ಧಾರಾವಾಹಿಯ ಹಾಳೆ ಬಿಡಿಸಿ ಹೊಲಿದು, ರಟ್ಟು ಹಾಕಿ ಇಡುತ್ತಿದ್ದರಲ್ಲ? ನಿಮ್ಮ ಅಟ್ಟದಲ್ಲಿ ಒಮ್ಮೆ ಹುಡುಕಿಸಿ. ‘ಶಿಥಿಲಾಲಯ’ ಸಿಕ್ಕಿದರೆ ನನಗೆ ಬೇಕು. ನಡುವಿನ ಒಂದೆರಡು ಕಂತು ಗೆದ್ದಲು ತಿಂದಿದ್ದರೂ ಅಡ್ಡಿಯಿಲ್ಲ. ಮೊದಲ ಪುಟದಲ್ಲಿ ದಾಸರಿಯವರ ಹೆಸರು ಬರೆದು ನಿಮ್ಮ ಮೊಮ್ಮಗನಿಗೇ ಓದಲಿಕ್ಕೆ ಕೊಡುತ್ತೇನೆ, ಆಗಬಹುದಲ್ವಾ?