ಓದ್ರಿ ಕಾಕಾ

ಇಂಡಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಚಾ ಕುಡಿಯುವಾಗ ಹಿಂದಿನಿಂದ ಹೆಗಲ ಮೇಲೆ ಕೈ ಬಿತ್ತೆಂದರೆ ಎರಡರಲ್ಲಿ ಒಂದು ತಪ್ಪಿದ್ದಲ್ಲ: ಒಂದೋ ವಿಮೆ ಮಾಡಿಸಬೇಕು, ಇಲ್ಲವೇ ಕಾದಂಬರಿ ಓದಬೇಕು.

ಆ ಕೈ ನಮ್ಮ ಕಾಕಾರದು. ಆಧಾರ್ ಕಾರ್ಡಿನಲ್ಲಿ ಅವರಿಗೆ ಬೇರೆ ಹೆಸರಿದೆ. ಆದರೆ ಮಾತು ಎಲ್ಲಿಂದ ಸುರುವಾದರೂ ‘ಓದ್ರಿ’ ಎಂಬಲ್ಲಿಗೇ ಬಂದು ನಿಲ್ಲುವುದರಿಂದ ನಾಲ್ಕು ತಾಲ್ಲೂಕಿನ ಮಂದಿ ಕೂಡಿ ‘ಓದ್ರಿ ಕಾಕಾ’ ಎಂದು ಇಟ್ಟುಬಿಟ್ಟಿದ್ದಾರೆ. ಕಸುಬು ವಿಮಾ ಏಜೆಂಟಿಕೆ. ಇವತ್ತು ಇಂಡಿ, ನಾಳೆ ಸಿಂದಗಿ, ನಾಡಿದ್ದು ಮುದ್ದೇಬಿಹಾಳ, ವಾರದ ಕೊನೆಗೆ ಬಸವನ ಬಾಗೇವಾಡಿ. ಹೆಗಲಿಗೊಂದು ರೆಕ್ಸಿನ್ ಚೀಲ. ಅದರ ಒಂದು ಖಾನೆಯಲ್ಲಿ ಫಾರ್ಮು, ಇನ್ನೊಂದರಲ್ಲಿ ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ ಕಾದಂಬರಿಗಳು. ಪುಟದ ಗುರುತಿಗೆ ಕಂತಿನ ರಸೀದಿ, ಪುಟಗಳ ನಡುವೆ ಶೇಂಗಾದ ಸಿಪ್ಪೆ. ಸಿಪ್ಪೆ ಎಲ್ಲಿ ನಿಂತಿದೆಯೋ ಅಲ್ಲಿ ಕಥೆ ಜೋರಾಗಿದೆ, ಕಾಕಾ ತಿನ್ನುವುದನ್ನು ಮರೆತಿದ್ದಾರೆ ಎಂದು ಅರ್ಥ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ತಾವು ಓದಿದ್ದನ್ನು ಇನ್ನೊಬ್ಬರು ಓದುವತನಕ ಇವರಿಗೆ ಉಂಡ ರೊಟ್ಟಿ ಕರಗುವುದಿಲ್ಲ.

ಪತ್ತೇದಾರಿ ಕಾದಂಬರಿಯನ್ನು ಕಾಕಾ ನೋಡುವುದು ಕಸುಬಿನ ಕಣ್ಣಿನಿಂದಲೇ. “ಕೊಲಿ ಯಾರ ಮಾಡ್ಯಾರಂತ ತಲಿ ಕೆಡಿಸ್ಕೋಬ್ಯಾಡ್ರಿ ಸರ. ಸತ್ತಾವನ ಪಾಲಿಸಿಗೆ ನಾಮಿನಿ ಯಾರದಾರ, ಅಷ್ಟ ನೋಡ್ರಿ.” ಮೊದಲಿಗೇ ಸಂಶಯ ಬರುವ ಪಾತ್ರವನ್ನು ಅವರು ನಂಬುವುದಿಲ್ಲ. “ಅಂವ ಇಂಡಿ ರೋಡ್ ಸ್ಟೇಶನ್ ಇದ್ದಂಗ. ಬೋರ್ಡಿನ ಮ್ಯಾಲ ಇಂಡಿ ಅಂತ ಇರತೈತಿ, ಇಳದ ನೋಡಿದ್ರ ಊರಽ ಇಲ್ಲ. ಮತ್ತೊಂದು ಗಾಡಿ ಹತ್ತಬೇಕು. ಚೊಲೊ ಪತ್ತೇದಾರಿ ಅಂದ್ರ ಹಂಗ ಇರಬೇಕು.”

ಸಿಂದಗಿಯಲ್ಲಿ ಅವರ ಗಿರಾಕಿಗಳು ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು. ದಿನವಿಡೀ ಖೋಲಿಯೊಳಗೆ ಕೂತು ಸಂವಿಧಾನದ ಕಲಮು ಬಾಯಿಪಾಠ ಮಾಡುವವರ ಮುಂದೆ ಮೈಸೂರಿನ ಅನುಷ್ ಶೆಟ್ಟಿಯವರ ‘ನೀನು ನಿನ್ನೊಳಗೆ ಖೈದಿ’ ಇಟ್ಟು, “ಹೆಸರ ನೋಡಪಾ ತಮ್ಮಾ, ನಿನಗಂತನಽ ಇಟ್ಟಂಗೈತಿ” ಎಂದರು. ಹುಡುಗ ವೇಳೆ ಇಲ್ಲ ಎಂದ. “ನಾಕನೇತ್ತ ಕಲ್ತ ಎನ್. ನರಸಿಂಹಯ್ಯನವರು ಐದನೂರಕ್ಕ ಮಿಕ್ಕಿ ಕಾದಂಬರಿ ಬರದ ಹ್ವಾದ್ರು. ಡಿಗ್ರಿ ಮುಗಿಸಿದ ನಿನಗ ಒಂದು ಓದಾಕ ಆಗಂಗಿಲ್ಲ? ನಾಳೆ ಸ್ಟಾರ್ ಹಚ್ಚಿಕೊಂಡ ಮ್ಯಾಲ ಕಳ್ಳನ್ನ ಹೆಂಗ ಹಿಡೀತಿ?” ಹುಡುಗ ಓದಿದ. ಪರೀಕ್ಷೆ ಮುಂದಕ್ಕೆ ಹೋಯಿತು. ಎರಡಕ್ಕೂ ಸಂಬಂಧ ಇದೆ ಎಂದು ಅವನ ತಾಯಿ ಇನ್ನೂ ನಂಬಿದ್ದಾಳೆ.

ದೆವ್ವದ ಕಾದಂಬರಿ ಮಾತ್ರ ಇಂಡಿಯಲ್ಲಿ ನಡೆಯಲಿಲ್ಲ. ತೆಲುಗಿನಿಂದ ಬಂದು ಕನ್ನಡಿಗರ ನಿದ್ದೆಗೆಡಿಸಿದ ಯಂಡಮೂರಿಯವರ ‘ತುಳಸಿದಳ’, ಆಮೇಲೆ ರವಿ ಬೆಳಗೆರೆಯವರ ‘ಮಾಟಗಾತಿ’, ಎರಡನ್ನೂ ಕಾಕಾ ತೋಟಗಳಿಗೆ ಹೊತ್ತು ತಿರುಗಿದರು. ಯಾರೂ ಹೆದರಲಿಲ್ಲ. ಬೇರೆ ಊರಿನಲ್ಲಿ ದಾರಿಯ ಮೇಲೆ ನಿಂಬೆಹಣ್ಣು ಕಂಡರೆ ಮಂದಿ ಸುತ್ತುಹಾಕಿ ಹೋಗುತ್ತಾರೆ. ಇಂಡಿಯಲ್ಲಿ ಕಂಡರೆ, ಟೆಂಪೋದಲ್ಲಿ ಯಾರದೋ ಚೀಲ ಹರಿದಿದೆ ಎಂದು ಆರಿಸಿಕೊಳ್ಳುತ್ತಾರೆ. ಜಿಐ ಮಾನ್ಯತೆ ಪಡೆದ ನಿಂಬೆಯ ನಾಡಿನಲ್ಲಿ ಮಾಟಕ್ಕೆಲ್ಲಿಯ ಬೆಲೆ! ಒಬ್ಬ ರೈತ ಪುಸ್ತಕ ಮರಳಿಸುತ್ತ, “ಕಾಕಾ, ಮಾಟಗಾರರು ಹಣ್ಣು ಸಗಟು ಒಯ್ತಾರೇನು ಕೇಳ್ರಿ, ರೇಟು ಬಿದ್ದೈತಿ” ಎಂದನಂತೆ.

ಪ್ರೇಮ ಕಾದಂಬರಿ ಅಕ್ಕಂದಿರ ಖಾತೆ. ಸಾಯಿಸುತೆ, ಉಷಾ ನವರತ್ನರಾಂ ಎಲ್ಲ ಮನೆಮನೆಗೆ ಮುಟ್ಟುತ್ತಾರೆ. ಕಂತು ನಿಲ್ಲಿಸಿದವರಿಗೆ ಬೆಳಗೆರೆಯವರ ‘ಹೇಳಿ ಹೋಗು ಕಾರಣ’ವೇ ಬೇಕು. ಕಾಕಾ ಮುಖಪುಟ ತೋರಿಸಿ ಸುಮ್ಮನೆ ನಿಲ್ಲುತ್ತಾರೆ. ಮರುದಿನ ಕಂತು ಬರುತ್ತದೆ. ತ್ರಿವೇಣಿಯವರ ಪುಸ್ತಕ ಕೊಡುವಾಗ ಮಾತ್ರ ಕಾಕಾರ ದನಿ ತಗ್ಗುತ್ತದೆ. “‘ಬೆಳ್ಳಿಮೋಡ’, ‘ಶರಪಂಜರ’ ಬರದಾಕಿ, ಮೂವತ್ತೈದೂ ತುಂಬಲಿಲ್ಲ, 1963ರಾಗ ಹ್ವಾದ್ಲು ನೋಡ್ರಿ.” ಸಾವಿನ ಮಾತು ಬಂದೂ ಅವರು ವಿಮೆಯ ಸುದ್ದಿ ತೆಗೆಯದ ಜಾಗ ಇದೊಂದೇ.

ಮುದ್ದೇಬಿಹಾಳದ ಕಥೆ ಬೇರೆ. 1565ರ ಯುದ್ಧಕ್ಕೆ ತಾಳಿಕೋಟೆ ಯುದ್ಧ ಎಂದರೆ ಅಲ್ಲಿಯವರು ಸುಮ್ಮನಿರುವುದಿಲ್ಲ, “ರಕ್ಕಸಗಿ–ತಂಗಡಗಿ ಅನ್ರಿ” ಎಂದು ತಿದ್ದುತ್ತಾರೆ. ಅಂಥವರ ಕೈಗೆ ಕಾಕಾ ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’ ಕೊಟ್ಟರು. ಸೋತ ಮೇಲೆ ವಿಜಯನಗರದಿಂದ ಆನೆಗಳ ಮೇಲೆ ಹೊರಟ ಸಂಪತ್ತು ಎಲ್ಲಿಗೆ ಹೋಯಿತು ಎಂಬುದರ ಬೆನ್ನು ಹತ್ತುವ ಕಾದಂಬರಿ. “ಬರದಾವರು ಕೃಷಿ ವಿಜ್ಞಾನಿ. ಹೊಲದಾಗ ಏನೈತಿ ಅನ್ನೂದು ಅವರಿಗೆ ಗೊತ್ತಿಲ್ಲದ ಯಾರಿಗೆ ಗೊತ್ತಿರತೈತಿ?” ಎಂದೂ ಸೇರಿಸಿದರು. ಓದಿದವರಲ್ಲಿ ಒಬ್ಬ ಆಗಷ್ಟೇ ಕೃಷಿ ಹೊಂಡ ತೋಡಿಸುತ್ತಿದ್ದ. ಜೆಸಿಬಿಯನ್ನು ಮತ್ತೆರಡು ದಿನ ನಿಲ್ಲಿಸಿಕೊಂಡ. ಕರಿಯೂ ಸಿಗಲಿಲ್ಲ, ಸಿರಿಯೂ ಸಿಗಲಿಲ್ಲ, ಬಾಡಿಗೆಯ ಬಿಲ್ಲು ಸಿಕ್ಕಿತು. ಜಗಳಕ್ಕೆ ಬಂದವನಿಗೆ ಕಾಕಾ ಹೇಳಿದ್ದು: “ಮಳಿ ನೀರು ನಿಂತೈತಿಲ್ಲೋ? ಅದಽ ಸಿರಿ. ಎರಡನೇ ಸಲ ಓದ್ರಿ, ತಿಳೀತೈತಿ.”

ಬಾಗೇವಾಡಿಯಲ್ಲಿ ಒಬ್ಬ ಹಿರಿಯರು ತಡೆದು ನಿಲ್ಲಿಸಿದ್ದರು. “ಬಸವಣ್ಣ ಹುಟ್ಟಿದ ಊರಿದು. ವಚನ ಓದೂ ಮಂದಿಗೆ ಕೊಲಿ ಕಥಿ ಕೊಡತೀರಲ್ಲ?” ಕಾಕಾ ಕೈಮುಗಿದೇ ಉತ್ತರ ಕೊಟ್ಟರು: “ಯಜಮಾನ್ರ, ಆ ವಚನ ಸಿಕ್ಕಿದ್ದೂ ಪತ್ತೇದಾರಿಯಿಂದನಽ. ಬಿಜಾಪುರದ ಹಳಕಟ್ಟಿ ವಕೀಲರು ಮನಿಮನಿ ತಿರಗಿ ತಾಡೋಲಿ ಹುಡಕಿದ್ರು, ಇದ್ದ ಮನಿ ಮಾರಿ ಅಚ್ಚಿನ ಮಷೀನ ತಂದ್ರು. ಅವರಿಗಿಂತ ದೊಡ್ಡ ಪತ್ತೇದಾರ ಯಾರದಾರ್ರಿ?” ಹಿರಿಯರು ಹೂಂ ಎಂದು, ಒಂದು ಪುಸ್ತಕ ಧೋತರದ ಮರೆಯಲ್ಲಿ ಒಯ್ದರು.

ಇಷ್ಟು ಒಳ್ಳೆಯ ಮನುಷ್ಯರಿಗೆ ಒಂದೇ ಒಂದು ಚಟ. ಪುಸ್ತಕ ಕೈಗಿಡುವಾಗಲೇ ಕೊಲೆಗಾರನ ಹೆಸರು ಹೇಳಿಬಿಡುತ್ತಾರೆ. “ಭಾಳ ಚೊಲೊ ಐತ್ರಿ, ಡಾಕ್ಟರ್ ಕೊಂದಾನ, ಓದ್ರಿ.” ನಾನು ಎಷ್ಟೋ ಸಲ ಬೈದುಕೊಂಡೇ ಓದಿದ್ದೇನೆ. ಕೊನೆಗೊಂದು ದಿನ ಲೆಕ್ಕ ಹಾಕಿದೆ: ಅವರು ಕೊಟ್ಟ ಏಳು ಪತ್ತೇದಾರಿಗಳಲ್ಲಿ ಏಳಕ್ಕೆ ಏಳೂ ತಪ್ಪು! ಡಾಕ್ಟರು, ವಕೀಲ, ಅಳಿಯ ಎಲ್ಲರೂ ನಿರಪರಾಧಿಗಳು. ಅವರ ಮೇಲೆ ಕಣ್ಣಿಟ್ಟು ಕೂತಿದ್ದ ನನ್ನ ಮಗ್ಗುಲಿಂದಲೇ ನಿಜವಾದ ಕೊಲೆಗಾರ ಆರಾಮಾಗಿ ಅಡ್ಡಾಡಿಕೊಂಡು ಹೋಗಿದ್ದ.

ಕೇಳಿದಾಗ ಕಾಕಾ ನಕ್ಕರು. ಹುಡುಗನಾಗಿದ್ದಾಗ ಬಾಡಿಗೆಯ ಪುಸ್ತಕದ ಅಂಗಡಿಯಲ್ಲಿ ಅವರಿಗೆ ಸಿಗುತ್ತಿದ್ದವು ಹತ್ತು ಕೈ ದಾಟಿ ಬಂದ ಪ್ರತಿಗಳು. ಮುಂದೆ ರಟ್ಟಿಲ್ಲ, ಹಿಂದೆ ಕೊನೆಯ ಹಾಳೆಗಳಿಲ್ಲ. ಕೊಲೆಗಾರನನ್ನು ಹಿಡಿಯುವ ಜವಾಬ್ದಾರಿ ಓದಿದವನ ಮೇಲೇ ಬೀಳುತ್ತಿತ್ತು. ಆ ರೂಢಿ ಹೋಗಲೇ ಇಲ್ಲ. ಈಗ ಹೊಸ ಪುಸ್ತಕ ಕೊಂಡರೂ ಕೊನೆಯ ಹಾಳೆಗಳನ್ನು ತೆರೆಯುವುದಿಲ್ಲವಂತೆ. “ಅದರಾಗೂ ಒಂದು ಕೇಸು ನಲವತ್ತು ವರ್ಷದಿಂದ ಕಾಡಕತ್ತೈತ್ರಿ” ಎಂದು ಹಳೆಯ ಕಾದಂಬರಿಯೊಂದರ ಹೆಸರು ಹೇಳಿದರು.

ಹೋದ ತಿಂಗಳು ಹಳೇ ಪುಸ್ತಕದ ರಾಶಿಯಲ್ಲಿ ಅದು ಸಿಕ್ಕಿತು, ಪೂರ್ತಿ ಪ್ರತಿ. ಸಿಂದಗಿ ಸ್ಟ್ಯಾಂಡಿನಲ್ಲಿ ಕಾಕಾರ ಕೈಗಿಟ್ಟೆ. ತೂಗಿ ನೋಡಿದರು, ಬೆರಳಿನಿಂದ ಕೊನೆಯ ಹಾಳೆಗಳನ್ನು ಸವರಿದರು, ಬಿಡಿಸದೆ ನನಗೇ ಮರಳಿಸಿದರು. “ಬ್ಯಾಡ್ರಿ ಸರ. ಈ ಕೇಸಿನ್ಯಾಗ ಇಲ್ಲೀತನ ಹದಿನೇಳ ಮಂದಿನ್ನ ಹಿಡದೀನಿ. ಈಗ ಖರೇ ಒಬ್ಬಂವ ಸಿಕ್ಕರ, ಉಳದ ಹದಿನಾರ ಮಂದಿ ಮಾರಿ ಹೆಂಗ ನೋಡ್ಲಿ?”

ಬಸ್ಸು ಬಂತು. ಹತ್ತಿ ಕಿಟಕಿಯ ಬದಿಗೆ ಕೂತರು. ಗಾಡಿ ಹಿಂದಕ್ಕೆ ಸರಿಯುವಾಗ ತಡೆಯಲಾಗಲಿಲ್ಲವೇನೋ, ತಲೆ ಹೊರಗೆ ಹಾಕಿ ಕೂಗಿದರು: “ಗುಮಾಸ್ತ ಅಲ್ಲೇನ್ರಿ? ಅಷ್ಟ ಹೇಳ್ರಿ!”

ನಾನು ಓಡಿ ಹೋಗಿ ಪುಸ್ತಕವನ್ನು ಕಿಟಕಿಯೊಳಗೆ ತುರುಕಿದೆ.

“ಓದ್ರಿ, ಕಾಕಾ!”